ರಾತ್ರಿ ಒಂಬತ್ತರ ಗೇಟು: ‘ಇಫ್’ ಒಳಗೆ ‘ಆಂಡ್’, ‘ಆರ್’, ‘ನಾಟ್’ ಕೂಡಿಸುವ ಬಗೆ



ಈ ಸಲ ಕಾರ್ಯಕ್ರಮದ ವರದಿಯ ಜಾಗದಲ್ಲಿ ಒಂದು ಪಾಠವನ್ನು ಹಾಕುತ್ತಿದ್ದೇವೆ. ಬೇಸಿಗೆ ರಜೆಯಲ್ಲಿ ತಾಳವಾಡಿ ಗುಡ್ಡದ ಜೀರಹಳ್ಳಿಯಲ್ಲಿ ಹತ್ತು ಹನ್ನೆರಡು ಮಕ್ಕಳನ್ನು ಕೂರಿಸಿಕೊಂಡು, ಇದ್ದ ಎರಡೇ ಲ್ಯಾಪ್‌ಟಾಪಿನಲ್ಲಿ ಪೈಥಾನ್ ಭಾಷೆಯನ್ನು ಹೇಳಿಕೊಟ್ಟೆವು. ಒಂದು ಷರತ್ತಿನ ‘ಇಫ್’ ಮಕ್ಕಳಿಗೆ ಅರ್ಧ ಗಂಟೆಯಲ್ಲಿ ಬಂತು. ಎರಡು ಮೂರು ಷರತ್ತುಗಳನ್ನು ಕೂಡಿಸುವಲ್ಲಿ ಮಾತ್ರ ಮಕ್ಕಳೂ ಎಡವಿದರು, ಹೇಳಿಕೊಡಲು ಹೋದ ನಾವೂ ಎಡವಿದೆವು. ಎಡವಿದ ಜಾಗಗಳೇ ಈ ಪಾಠ.

ನಮ್ಮ ಬಳಗದ ಮನೆಗಳಲ್ಲಿ ಇದು ಬೇಕಾದ ಪಾಠವೂ ಹೌದು. ತಮಿಳುನಾಡು ಪಠ್ಯಕ್ರಮದಲ್ಲಿ ಕಂಪ್ಯೂಟರ್ ಸೈನ್ಸ್ ತೆಗೆದುಕೊಂಡವರಿಗೆ 11ನೇ ತರಗತಿಯಲ್ಲಿ ಸಿ ಪ್ಲಸ್ ಪ್ಲಸ್, 12ರಲ್ಲಿ ಪೈಥಾನ್ ಬರುತ್ತದೆ. ಕಾಸರಗೋಡಿನ ಕನ್ನಡ ಮಾಧ್ಯಮದ ಪ್ರೌಢಶಾಲೆ ಮಕ್ಕಳ ಐಸಿಟಿ ಪುಸ್ತಕದಲ್ಲೂ ಪೈಥಾನ್ ಇದೆ. ಪಠ್ಯಕ್ರಮ ಬೇರೆ ಬೇರೆಯಾದರೂ ಎಡವುವ ಕಲ್ಲು ಒಂದೇ.

ನಾವು ಹಿಡಿದ ಉದಾಹರಣೆ

ಉದಾಹರಣೆಗಾಗಿ ದೂರ ಹೋಗಲಿಲ್ಲ. ಜೀರಹಳ್ಳಿ ಎಂಬುದು ಊರಿನ ಹೆಸರಷ್ಟೇ ಅಲ್ಲ, 2013ರಲ್ಲಿ ಘೋಷಣೆಯಾದ ಸತ್ಯಮಂಗಲ ಹುಲಿ ಸಂರಕ್ಷಿತ ಪ್ರದೇಶದ ಒಂದು ಅರಣ್ಯ ವಲಯದ ಹೆಸರೂ ಹೌದು. ಇಲ್ಲಿನವರು ಸತ್ಯಮಂಗಲಕ್ಕೆ ಇಳಿಯಬೇಕಾದರೆ ಇಪ್ಪತ್ತೇಳು ತಿರುವುಗಳ ದಿಂಬಂ ಘಾಟಿ ಇಳಿಯಬೇಕು. ಕಾಡಿನ ಪ್ರಾಣಿಗಳು ರಾತ್ರಿ ವಾಹನಕ್ಕೆ ಸಿಕ್ಕಿ ಸಾಯುವುದನ್ನು ತಡೆಯಲೆಂದು, ಮದ್ರಾಸ್ ಹೈಕೋರ್ಟಿನ ಆದೇಶದಂತೆ 2022ರ ಫೆಬ್ರವರಿ 10ರಿಂದ ಬಣ್ಣಾರಿ ಮತ್ತು ಕಾರಪಳ್ಳಂ ಚೆಕ್‌ಪೋಸ್ಟುಗಳ ನಡುವೆ ರಾತ್ರಿ ಸಂಚಾರ ನಿರ್ಬಂಧ ಬಿಗಿಯಾಗಿ ಜಾರಿಗೆ ಬಂತು. ತಾಳವಾಡಿಯ ರೈತರೂ ವ್ಯಾಪಾರಿಗಳೂ ಪ್ರತಿಭಟನೆಗೆ ಇಳಿದರು. ಅದೇ ವರ್ಷ ನ್ಯಾಯಾಲಯ ನಿರ್ಬಂಧವನ್ನು ಒಂದಿಷ್ಟು ಮಾರ್ಪಡಿಸಿತು. ಬಂಡೀಪುರದ ರಸ್ತೆಗಳಲ್ಲಿ ಇಂಥದೇ ನಿರ್ಬಂಧ 2009ರಿಂದಲೂ ಇದೆ: ರಾತ್ರಿ 9ರಿಂದ ಬೆಳಗ್ಗೆ 6ರವರೆಗೆ ಗೇಟು ಬಂದ್, ಆಂಬುಲೆನ್ಸಿಗೆ ತಡೆಯಿಲ್ಲ. ಗೂಡಲೂರು, ವಯನಾಡು ಕಡೆಯ ನಮ್ಮ ಸದಸ್ಯರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಪಾಠಕ್ಕೆಂದು ನಿಯಮವನ್ನು ನಾವು ಹೀಗೆ ಮೊಟಕು ಮಾಡಿಕೊಂಡೆವು:

ರಾತ್ರಿ 9ರಿಂದ ಬೆಳಗ್ಗೆ 6ರವರೆಗೆ ವಾಹನ ಬಿಡುವುದಿಲ್ಲ. ಸ್ಥಳೀಯರ ವಾಹನಕ್ಕೂ ಆಂಬುಲೆನ್ಸಿಗೂ ವಿನಾಯಿತಿ ಉಂಟು.

(ಇದು ಪಾಠದ ನಿಯಮ. ಪ್ರಯಾಣ ಹೊರಡುವವರು ಗೇಟಿನ ಫಲಕವನ್ನೇ ನೋಡಿಕೊಳ್ಳಿ.)

ನೋಡಲು ಎರಡೇ ವಾಕ್ಯ. ಇದನ್ನು ಯಂತ್ರಕ್ಕೆ ಹೇಳಲು ನಮಗೆ ಒಂದು ಮಧ್ಯಾಹ್ನ ಹಿಡಿಯಿತು.

ಬರೆಯುವ ಮುನ್ನ ಒಂದು ಮಾತು. ಕೆಳಗಿನ ಸಾಲುಗಳನ್ನು ಓದಲು ಸುಲಭವಾಗಲೆಂದು ಪೂರ್ತಿ ಕನ್ನಡ ಅಕ್ಷರದಲ್ಲಿ ಕೊಟ್ಟಿದ್ದೇವೆ. ಲ್ಯಾಪ್‌ಟಾಪಿನಲ್ಲಿ ಹೊಡೆಯುವಾಗ ಇಫ್, ಎಲ್ಸ್, ಆಂಡ್, ಆರ್, ನಾಟ್, ಪ್ರಿಂಟ್ ಎಂಬ ಪದಗಳನ್ನು ಇಂಗ್ಲಿಷಿನ ಸಣ್ಣಕ್ಷರಗಳಲ್ಲಿ ಹೊಡೆಯಬೇಕು. ಗಂಟೆ, ರಾತ್ರಿ, ಸ್ಥಳೀಯ ಎಂಬಂಥ ಹೆಸರುಗಳನ್ನು ಕನ್ನಡದಲ್ಲೇ ಬಿಡಬಹುದು. ಪೈಥಾನ್ 3 ಕನ್ನಡ ಹೆಸರುಗಳನ್ನು ಒಪ್ಪುತ್ತದೆ, ಹೆಸರಿನ ನಡುವೆ ಜಾಗ ಬಿಡಬಾರದು ಅಷ್ಟೆ. ಅಂಕಿಗಳು ಮಾತ್ರ 21, 6 ಎಂದೇ ಇರಬೇಕು. ಕನ್ನಡ ಅಂಕಿ ಹಾಕಿದರೆ ದೋಷ ತೋರಿಸುತ್ತದೆ.

ಮೊದಲ ಎಡವು: ‘ಒಂಬತ್ತರಿಂದ ಆರು’

ಗಂಟೆಯನ್ನು 0ಯಿಂದ 23ರವರೆಗೆ ಎಣಿಸಿದರೆ ರಾತ್ರಿ ಒಂಬತ್ತು ಎಂದರೆ 21. ಮಕ್ಕಳು ಬರೆದದ್ದು ಹೀಗೆ:

ಇಫ್ ಗಂಟೆ >= 21 ಆಂಡ್ ಗಂಟೆ < 6:
    ಪ್ರಿಂಟ್("ಗೇಟು ಬಂದ್")
ಎಲ್ಸ್:
    ಪ್ರಿಂಟ್("ಹೋಗಬಹುದು")

ರಾತ್ರಿ ಹನ್ನೊಂದು ಎಂದು 23 ಕೊಟ್ಟೆವು. ‘ಹೋಗಬಹುದು’ ಎಂದಿತು. ಬೆಳಗಿನ ಜಾವ 3 ಕೊಟ್ಟೆವು. ಆಗಲೂ ‘ಹೋಗಬಹುದು’. ಯಾವ ಗಂಟೆ ಕೊಟ್ಟರೂ ಗೇಟು ಮುಚ್ಚಲೇ ಇಲ್ಲ.

‘ಆಂಡ್’ ಎಂದರೆ ಎರಡೂ ಷರತ್ತು ಒಟ್ಟಿಗೆ ನಿಜವಾಗಬೇಕು. ಒಂದೇ ಗಳಿಗೆಯಲ್ಲಿ ಗಡಿಯಾರ 21ಕ್ಕಿಂತ ಕಡಿಮೆಯಿಲ್ಲದೆಯೂ 6ಕ್ಕಿಂತ ಕಡಿಮೆಯಾಗಿಯೂ ಇರಲು ಸಾಧ್ಯವೇ? ಅಂಥ ಗಂಟೆ ಯಾವ ಗಡಿಯಾರದಲ್ಲೂ ಇಲ್ಲ. ನಾವು ‘ಒಂಬತ್ತರಿಂದ ಆರು’ ಎಂದು ಒಂದೇ ಉಸಿರಿಗೆ ಹೇಳುವ ರಾತ್ರಿ ನಡುವೆ ಹನ್ನೆರಡು ದಾಟುತ್ತದೆ, ಎಣಿಕೆ 23ರಿಂದ 0ಗೆ ಬೀಳುತ್ತದೆ. ಆದ್ದರಿಂದ ಯಂತ್ರದ ಲೆಕ್ಕದಲ್ಲಿ ರಾತ್ರಿ ಎರಡು ತುಂಡು: 21ರಿಂದ 23 ಒಂದು, 0ಯಿಂದ 5 ಇನ್ನೊಂದು. ಗಂಟೆ ಈ ತುಂಡಿನಲ್ಲೋ ಆ ತುಂಡಿನಲ್ಲೋ ಇದ್ದರೆ ಸಾಕು. ಒಂದಾದರೂ ನಿಜವಾದರೆ ಸಾಕು ಎನ್ನುವ ಪದ ‘ಆರ್’:

ರಾತ್ರಿ = ಗಂಟೆ >= 21 ಆರ್ ಗಂಟೆ < 6

ಹಗಲಿಗೆ ಇದು ತಿರುಗುಮುರುಗು. ಹಗಲು ಒಂದೇ ತುಂಡು. ಗಂಟೆ 6 ಆಗಿರಬೇಕು ಅಥವಾ 6 ದಾಟಿರಬೇಕು, ಜೊತೆಗೆ 21 ಮುಟ್ಟಿರಬಾರದು. ಅಲ್ಲಿ ‘ಆಂಡ್’ ಸರಿ:

ಹಗಲು = ಗಂಟೆ >= 6 ಆಂಡ್ ಗಂಟೆ < 21

ಪೈಥಾನ್‌ನಲ್ಲಿ ಇದನ್ನೇ 6 <= ಗಂಟೆ < 21 ಎಂದು ಕೂಡಿಸಿ ಬರೆದರೂ ನಡೆಯುತ್ತದೆ. 11ನೇ ತರಗತಿಯವರು ಇಲ್ಲಿ ಹುಷಾರಾಗಿರಬೇಕು. ಸಿ ಪ್ಲಸ್ ಪ್ಲಸ್‌ನಲ್ಲಿ ಹಾಗೆ ಬರೆದರೆ ದೋಷವೇನೂ ತೋರಿಸುವುದಿಲ್ಲ, ಆದರೆ ಉತ್ತರ ತಪ್ಪುತ್ತದೆ. ಅದು ಮೊದಲು 6 <= ಗಂಟೆ ಎಂಬುದನ್ನು ನೋಡಿ 0 ಅಥವಾ 1 ಎಂಬ ಬೆಲೆ ಕೊಡುತ್ತದೆ. ಆಮೇಲೆ ಆ 0 ಅಥವಾ 1 ಎಂಬುದು 21ಕ್ಕಿಂತ ಕಡಿಮೆಯೇ ಎಂದು ನೋಡುತ್ತದೆ. ಕಡಿಮೆಯೇ ಅಲ್ಲವೇ! ಹಾಗಾಗಿ ನಡುರಾತ್ರಿಯೂ ಅದಕ್ಕೆ ಹಗಲೇ. ಅಲ್ಲಿ ಎರಡು ಷರತ್ತುಗಳನ್ನು ಬಿಡಿಸಿಯೇ ಬರೆಯಬೇಕು.

ಎರಡನೆಯ ಎಡವು: ನಮ್ಮ ಕನ್ನಡದ ‘ಊ’

ಇನ್ನು ವಿನಾಯಿತಿ. ‘ಸ್ಥಳೀಯರ ವಾಹನಕ್ಕೂ ಆಂಬುಲೆನ್ಸಿಗೂ’ ಎಂಬ ಮಾತಿನಲ್ಲಿ ಎರಡು ‘ಊ’ ಇವೆ. ‘ಊ’ ಎಂದರೆ ‘ಮತ್ತು’ ತಾನೇ, ‘ಮತ್ತು’ ಎಂದರೆ ‘ಆಂಡ್’ ತಾನೇ ಎಂದು ನಾವೇ ಬೋರ್ಡಿನ ಮೇಲೆ ಹೀಗೆ ಬರೆದೆವು:

ಇಫ್ ರಾತ್ರಿ ಆಂಡ್ ನಾಟ್ (ಸ್ಥಳೀಯ ಆಂಡ್ ಆಂಬುಲೆನ್ಸ್):
    ಪ್ರಿಂಟ್("ಗೇಟು ಬಂದ್")

‘ನಾಟ್’ ಎಂದರೆ ‘ಅಲ್ಲ’. ನಿಜವನ್ನು ಸುಳ್ಳು ಮಾಡುತ್ತದೆ, ಸುಳ್ಳನ್ನು ನಿಜ ಮಾಡುತ್ತದೆ. ಸಾಲನ್ನು ಕನ್ನಡದಲ್ಲಿ ಓದಿದರೆ ಸರಿಯಾಗಿಯೇ ಕೇಳಿಸುತ್ತದೆ. ಹಿಂದೆ ಕೂತಿದ್ದ ಎಂಟನೇ ತರಗತಿಯ ಹುಡುಗಿಯೊಬ್ಬಳು ಲ್ಯಾಪ್‌ಟಾಪಿನಲ್ಲಿ ಒತ್ತಿ ನೋಡಿ ಕೇಳಿದಳು: “ಹಂಗಾರೆ ರಾತ್ರ ಹನ್ನೊಂದ್ರಲ್ಲಿ ನಮ್ಮಜ್ಜಿಗೆ ಎದೆ ನೋವು ಬಂದ್ರೆ, ಸತ್ಯಮಂಗಲದಿಂದ ಬರೋ ಆಂಬುಲೆನ್ಸ್ನ ಇದು ಬುಡಕಿಲ್ವಲ್ಲ ಸಾರ್?”

ಬಿಡುವುದಿಲ್ಲ, ನಿಜ. ಯಾಕೆಂದು ಒಟ್ಟಿಗೆ ಕೂತು ನೋಡಿದೆವು. ಗೇಟಿನ ಮುಂದೆ ರಾತ್ರಿ ಬಂದು ನಿಲ್ಲಬಹುದಾದ ವಾಹನಗಳು ನಾಲ್ಕು ಬಗೆ:

1. ಊರಿನವರ ಜೀಪು. ಸ್ಥಳೀಯ ಹೌದು, ಆಂಬುಲೆನ್ಸ್ ಅಲ್ಲ.
2. ಹೊರಗಿನಿಂದ ಬಂದ ಆಂಬುಲೆನ್ಸ್. ಸ್ಥಳೀಯ ಅಲ್ಲ, ಆಂಬುಲೆನ್ಸ್ ಹೌದು.
3. ಊರಿನದೇ ಆಂಬುಲೆನ್ಸ್. ಎರಡೂ ಹೌದು.
4. ಹೊರಗಿನ ಲಾರಿ. ಎರಡೂ ಅಲ್ಲ.

ನಾವು ಬರೆದ ಸಾಲಿನಲ್ಲಿ ಬಚಾವಾಗುವುದು ಮೂರನೆಯದು ಒಂದೇ. ಯಂತ್ರ ಕೇಳುತ್ತಿರುವುದು ‘ನೀನು ಸ್ಥಳೀಯನೂ ಆಂಬುಲೆನ್ಸೂ ಎರಡೂ ಹೌದೋ?’ ಎಂದು. ಜೀಪಿನವನೂ ನಿಂತ, ಅಜ್ಜಿಗಾಗಿ ಬಂದ ಆಂಬುಲೆನ್ಸೂ ನಿಂತಿತು.

ಇಲ್ಲಿ ಎಡವಿಸಿದ್ದು ಪೈಥಾನ್ ಅಲ್ಲ, ನಮ್ಮ ಮಾತು. ‘ಸ್ಥಳೀಯರಿಗೂ ಆಂಬುಲೆನ್ಸಿಗೂ ವಿನಾಯಿತಿ’ ಎಂದಾಗ ನಾವು ಒಂದು ಪಟ್ಟಿ ಹೇಳುತ್ತಿದ್ದೇವೆ: ಇವರಿಗೂ ಉಂಟು, ಅವರಿಗೂ ಉಂಟು. ‘ಇಫ್’ ಪಟ್ಟಿಯನ್ನು ಓದುವುದಿಲ್ಲ. ಅದು ಒಂದು ಸಲಕ್ಕೆ ಒಂದೇ ಗಾಡಿಯನ್ನು ನಿಲ್ಲಿಸಿ ಕೇಳುತ್ತದೆ. ಆ ಒಂದು ಗಾಡಿ ಪಟ್ಟಿಯಲ್ಲಿರುವ ಯಾವುದಾದರೂ ಒಂದು ಆಗಿದ್ದರೆ ಸಾಕು. ಆದ್ದರಿಂದ ಪಟ್ಟಿಯ ‘ಊ’ ಷರತ್ತಿನೊಳಗೆ ಬಂದಾಗ ‘ಆರ್’ ಆಗುತ್ತದೆ.

ಅದೇ ‘ಊ’ ಇನ್ನೊಂದು ಕಡೆ ‘ಆಂಡ್’ ಆಗಿಯೇ ಇರುತ್ತದೆ. ‘ಹೆಸರು ನೊಂದಾಯಿಸಲು ಆಧಾರ್ ಕಾರ್ಡೂ ಫೋಟೋವೂ ಬೇಕು’ ಎಂದರೆ ಒಬ್ಬನೇ ಮನುಷ್ಯ ಎರಡನ್ನೂ ತರಬೇಕು. ಪದ ಒಂದೇ, ಅರ್ಥ ಎರಡು. ಹಾಗಾಗಿ ಪದದ ಮೇಲೆ ಭಾರ ಹಾಕಬೇಡಿ. ಒಂದೇ ಗಾಡಿಯನ್ನು, ಒಬ್ಬನೇ ಮನುಷ್ಯನನ್ನು ಮನಸ್ಸಿನಲ್ಲಿ ಎದುರಿಗೆ ನಿಲ್ಲಿಸಿಕೊಂಡು ‘ಇವನಿಗೆ ಎರಡೂ ಬೇಕೋ, ಒಂದು ಸಾಕೋ?’ ಎಂದು ಕೇಳಿ. ಎರಡೂ ಬೇಕಾದರೆ ಆಂಡ್. ಒಂದು ಸಾಕಾದರೆ ಆರ್. ಈ ಪಾಠದಲ್ಲಿ ನೆನಪಿಡಬೇಕಾದ ಮಾತು ಇದೊಂದೇ.

ಮಧುರೆಯಲ್ಲಿ ಹುಟ್ಟಿದವನ ಸೂತ್ರ

ತಿದ್ದುವಾಗ ಮಕ್ಕಳಲ್ಲಿ ಎರಡು ಪಕ್ಷವಾಯಿತು. ಒಂದು ಪಕ್ಷ ಬರೆದದ್ದು:

ಇಫ್ ರಾತ್ರಿ ಆಂಡ್ ನಾಟ್ (ಸ್ಥಳೀಯ ಆರ್ ಆಂಬುಲೆನ್ಸ್):

ಇನ್ನೊಂದು ಪಕ್ಷ ಬರೆದದ್ದು:

ಇಫ್ ರಾತ್ರಿ ಆಂಡ್ ನಾಟ್ ಸ್ಥಳೀಯ ಆಂಡ್ ನಾಟ್ ಆಂಬುಲೆನ್ಸ್:

ಒಂದರಲ್ಲಿ ‘ಆರ್’, ಇನ್ನೊಂದರಲ್ಲಿ ‘ಆಂಡ್’. ಯಾವುದು ಸರಿ? ಎರಡೂ ಸರಿ. ನಾಲ್ಕು ವಾಹನಗಳನ್ನು ಎರಡರಲ್ಲೂ ಓಡಿಸಿ ನೋಡಿದರೆ ಹೊರಗಿನ ಲಾರಿ ಮಾತ್ರ ನಿಲ್ಲುತ್ತದೆ. ‘ಇವರಲ್ಲಿ ಯಾರೂ ಅಲ್ಲ’ ಎನ್ನುವುದೂ ‘ಇವನೂ ಅಲ್ಲ, ಅವನೂ ಅಲ್ಲ’ ಎನ್ನುವುದೂ ಒಂದೇ ಮಾತು.

ಇದಕ್ಕೆ ಡಿ ಮಾರ್ಗನ್ ನಿಯಮ ಎಂದು ಹೆಸರು. ಆಗಸ್ಟಸ್ ಡಿ ಮಾರ್ಗನ್ ಇಂಗ್ಲಿಷ್ ಗಣಿತಜ್ಞ, ಆದರೆ 1806ರಲ್ಲಿ ಹುಟ್ಟಿದ್ದು ನಮ್ಮ ತಮಿಳುನಾಡಿನ ಮಧುರೆಯಲ್ಲಿ. ಎಳೆಗೂಸಾಗಿದ್ದಾಗಲೇ ಇಂಗ್ಲೆಂಡಿಗೆ ಹೋದ. ನಿಜ ಮತ್ತು ಸುಳ್ಳುಗಳನ್ನು ಅಂಕಿಗಳ ಹಾಗೆ ಲೆಕ್ಕ ಹಾಕಬಹುದೆಂದು ತೋರಿಸಿದ ಜಾರ್ಜ್ ಬೂಲ್ ಅವನ ಕಾಲದವನೇ. ಬೂಲ್‌ನ ಮುಖ್ಯ ಗ್ರಂಥ ಬಂದದ್ದು 1854ರಲ್ಲಿ. ಪೈಥಾನ್‌ನಲ್ಲಿ ನಿಜ-ಸುಳ್ಳಿನ ಬೆಲೆಗಳನ್ನು ‘ಬೂಲ್’ ಎಂದು ಕರೆಯುವುದು ಅವನ ಹೆಸರಿನಿಂದಲೇ.

ನಿಯಮವನ್ನು ಹೀಗೆ ಇಟ್ಟುಕೊಳ್ಳಿ: ಕಂಸದ ಹೊರಗಿನ ‘ನಾಟ್’ ಅನ್ನು ಒಳಕ್ಕೆ ಹಂಚಿದಾಗ ನಡುವಿನ ‘ಆರ್’ ‘ಆಂಡ್’ ಆಗುತ್ತದೆ, ‘ಆಂಡ್’ ಇದ್ದರೆ ‘ಆರ್’ ಆಗುತ್ತದೆ. ಹಂಚಿ, ನಡುವಿನ ಪದವನ್ನು ಬದಲಿಸಲು ಮರೆತರೆ ಆಂಬುಲೆನ್ಸ್ ಮತ್ತೆ ಗೇಟಿನಲ್ಲೇ.

ಮೂರನೆಯ ಎಡವು: ಕಂಸ ಬಿಟ್ಟರೆ

ಚುರುಕಾದ ಹುಡುಗನೊಬ್ಬ ‘ರಾತ್ರಿ’ ಎಂಬ ಹೆಸರೇ ಯಾಕೆ, ಎಲ್ಲವನ್ನೂ ಒಂದೇ ಸಾಲಿನಲ್ಲಿ ಬರೆಯಬಹುದಲ್ಲ ಎಂದು ಹೀಗೆ ಬರೆದ:

ಇಫ್ ಗಂಟೆ >= 21 ಆರ್ ಗಂಟೆ < 6 ಆಂಡ್ ನಾಟ್ (ಸ್ಥಳೀಯ ಆರ್ ಆಂಬುಲೆನ್ಸ್):

ಬೆಳಗಿನ ಜಾವ ಎರಡಕ್ಕೆ ಆಂಬುಲೆನ್ಸನ್ನು ಓಡಿಸಿದ, ಗೇಟು ತೆರೆಯಿತು. ಸರಿ ಎಂದುಕೊಂಡ. ರಾತ್ರಿ ಹನ್ನೊಂದಕ್ಕೆ ಓಡಿಸಿದರೆ ಗೇಟು ಬಂದ್!

ಗುಣಾಕಾರ ಮೊದಲು, ಸಂಕಲನ ಆಮೇಲೆ ಎಂದು ಲೆಕ್ಕದಲ್ಲಿ ಕಲಿತಿದ್ದೇವಲ್ಲ, ಇಲ್ಲೂ ಹಾಗೆಯೇ ಸರದಿ ಇದೆ. ಮೊದಲು ನಾಟ್, ಆಮೇಲೆ ಆಂಡ್, ಕೊನೆಗೆ ಆರ್. ಹುಡುಗನ ಸಾಲಿನಲ್ಲಿ ವಿನಾಯಿತಿ ‘ಆಂಡ್’ ಹಿಡಿದುಕೊಂಡು ‘ಗಂಟೆ < 6’ ಎಂಬ ತುಂಡಿಗೆ ಮಾತ್ರ ಅಂಟಿಕೊಂಡಿತು. ‘ಗಂಟೆ >= 21’ ಎಂಬುದು ಒಂಟಿಯಾಗಿ ಉಳಿಯಿತು. ಹಾಗಾಗಿ ಒಂಬತ್ತರಿಂದ ಹನ್ನೆರಡರವರೆಗೆ ಯಾರಿಗೂ ವಿನಾಯಿತಿ ಇಲ್ಲ, ಹನ್ನೆರಡು ಕಳೆದರೆ ಉಂಟು. ಕಂಸ ಹಾಕಿದರೆ ಸರಿಹೋಗುತ್ತದೆ:

ಇಫ್ (ಗಂಟೆ >= 21 ಆರ್ ಗಂಟೆ < 6) ಆಂಡ್ ನಾಟ್ (ಸ್ಥಳೀಯ ಆರ್ ಆಂಬುಲೆನ್ಸ್):

ಆಂಡ್, ಆರ್ ಎರಡೂ ಒಂದೇ ಸಾಲಿಗೆ ಬಂದರೆ ಕಂಸ ಹಾಕಿಬಿಡಿ. ಯಂತ್ರಕ್ಕೆ ಬೇಕಿಲ್ಲದಿದ್ದರೂ ಓದುವ ಮನುಷ್ಯನಿಗೆ ಬೇಕು. ಇಲ್ಲವಾದರೆ ‘ರಾತ್ರಿ’ ಎಂದು ಒಂದು ತುಂಡಿಗೆ ಹೆಸರಿಟ್ಟುಕೊಳ್ಳಿ. ಸಾಲು ಕನ್ನಡ ವಾಕ್ಯದ ಹಾಗೆ ಓದಿಸಿಕೊಳ್ಳುತ್ತದೆ.

ನಾಲ್ಕನೆಯದು: ಹೆಸರು ನುಂಗಿದರೆ

ವಾಹನದ ಬಗೆಯನ್ನು ಪದದಲ್ಲಿ ಇಟ್ಟುಕೊಂಡಾಗ ಬಹುಪಾಲು ಮಕ್ಕಳು ಹೀಗೆ ಬರೆದರು:

ಇಫ್ ವಾಹನ == "ಜೀಪು" ಆರ್ "ಆಂಬುಲೆನ್ಸ್":

ಮಾತಿನಲ್ಲಿ ‘ವಾಹನ ಜೀಪೋ ಆಂಬುಲೆನ್ಸೋ ಆಗಿದ್ದರೆ’ ಎನ್ನುತ್ತೇವೆ, ‘ವಾಹನ’ ಎಂದು ಎರಡು ಸಲ ಹೇಳುವುದಿಲ್ಲ. ಯಂತ್ರ ಮಾತ್ರ ‘ಆರ್’ನ ಬಲಗಡೆಗೆ ಹೊಸ ಷರತ್ತೊಂದನ್ನು ನಿರೀಕ್ಷಿಸುತ್ತದೆ. ಅಲ್ಲಿ ಬರೀ "ಆಂಬುಲೆನ್ಸ್" ಎಂಬ ಪದ ಸಿಕ್ಕರೆ, ಖಾಲಿಯಲ್ಲದ ಪದವಾದ್ದರಿಂದ ಪೈಥಾನ್ ಅದನ್ನು ‘ನಿಜ’ ಎಂದೇ ಎಣಿಸುತ್ತದೆ. ಹಾಗಾಗಿ ಲಾರಿ ಬಂದರೂ ನಿಜ, ಎತ್ತಿನ ಗಾಡಿ ಬಂದರೂ ನಿಜ. ಸರಿಯಾದದ್ದು:

ಇಫ್ ವಾಹನ == "ಜೀಪು" ಆರ್ ವಾಹನ == "ಆಂಬುಲೆನ್ಸ್":

ಕಾವಲುಗಾರನ ಜಾಣತನ

ಇನ್ನೊಂದು ಸಂಗತಿ ಗೊತ್ತಿದ್ದರೆ ಒಳ್ಳೆಯದು. ಹಗಲಲ್ಲಿ ಬಂದ ವಾಹನವನ್ನು ಗೇಟಿನವರು ‘ಯಾವೂರು, ಕಾರ್ಡು ತೋರಿಸಿ’ ಎಂದು ಕೇಳಬೇಕಾಗಿಲ್ಲ. ಪೈಥಾನ್ ಕೂಡ ಹಾಗೆಯೇ. ‘ಆಂಡ್’ನ ಎಡಗಡೆ ಸುಳ್ಳಾದರೆ ಬಲಗಡೆಯನ್ನು ನೋಡುವುದೇ ಇಲ್ಲ. ‘ಆರ್’ನ ಎಡಗಡೆ ನಿಜವಾದರೂ ಅಷ್ಟೆ. ಇದು ಕೆಲಸಕ್ಕೆ ಬರುತ್ತದೆ. ಟೊಮೇಟೊ ಬಾಕ್ಸಿಗೆ ಸರಾಸರಿ 200 ರೂಪಾಯಿಗಿಂತ ಕಡಿಮೆ ಬಿತ್ತೇ ಎಂದು ನೋಡಬೇಕು ಎನ್ನಿ:

ಇಫ್ ಬಾಕ್ಸ್ > 0 ಆಂಡ್ ಹಣ / ಬಾಕ್ಸ್ < 200:

ಬಾಕ್ಸ್ ಒಂದೂ ಹೋಗದ ದಿನ ಎಡಗಡೆಯಲ್ಲೇ ನಿಲ್ಲುತ್ತದೆ, ಸೊನ್ನೆಯಿಂದ ಭಾಗಿಸುವ ದೋಷ ಬರುವುದಿಲ್ಲ. ಎರಡನ್ನೂ ಅದಲುಬದಲು ಮಾಡಿದರೆ ಪ್ರೋಗ್ರಾಂ ಅಲ್ಲೇ ಕೆಡುತ್ತದೆ. ಷರತ್ತುಗಳ ಸಾಲಿನಲ್ಲಿ ಯಾರು ಮುಂದೆ ನಿಲ್ಲುತ್ತಾರೆ ಎಂಬುದಕ್ಕೂ ಬೆಲೆ ಇದೆ.

ಒತ್ತಿ ನೋಡದೆ ನಂಬಬೇಡಿ

ಆ ಹುಡುಗಿ ಲ್ಯಾಪ್‌ಟಾಪಿನಲ್ಲಿ ಒತ್ತಿ ನೋಡದಿದ್ದರೆ ನಮ್ಮ ತಪ್ಪು ಬೋರ್ಡಿನ ಮೇಲೆ ಹಾಗೇ ಉಳಿಯುತ್ತಿತ್ತು. ಅಂದಿನಿಂದ ತರಗತಿಯಲ್ಲಿ ಒಂದು ಕಟ್ಟಳೆ ಮಾಡಿಕೊಂಡೆವು. ಗಂಟೆಗೆ 20, 21, 23, 0, 5, 6 ಎಂಬ ಆರು ಬೆಲೆಗಳನ್ನು ಕೊಟ್ಟು, ಒಂದೊಂದಕ್ಕೂ ನಾಲ್ಕು ಬಗೆಯ ವಾಹನಗಳನ್ನು ಓಡಿಸಬೇಕು. ಒಟ್ಟು ಇಪ್ಪತ್ತನಾಲ್ಕು ಸಲ. ಉತ್ತರ ಏನು ಬರಬೇಕೆಂದು ಓಡಿಸುವ ಮೊದಲೇ ನೋಟ್‌ಬುಕ್ಕಿನಲ್ಲಿ ಬರೆದಿಟ್ಟಿರಬೇಕು. ಈ ಆರು ಗಂಟೆಗಳೇ ಯಾಕೆಂದರೆ ತಪ್ಪು ಅಡಗುವುದು ಅಂಚಿನಲ್ಲಿ. ಗೇಟು ಮುಚ್ಚುವ ಹಿಂದುಮುಂದು, ದಿನ ಬದಲಾಗುವ ಹಿಂದುಮುಂದು, ಗೇಟು ತೆರೆಯುವ ಹಿಂದುಮುಂದು.

ಈ ಎಚ್ಚರ ಲ್ಯಾಪ್‌ಟಾಪಿಗೆ ಮಾತ್ರ ಮೀಸಲಲ್ಲ. ಗಡಿಯಲ್ಲಿ ಬದುಕುವ ನಾವು ದಿನವೂ ಎರಡು ಸರ್ಕಾರಗಳ ಷರತ್ತುಗಳ ನಡುವೆ ಓಡಾಡುವವರು. ಕರ್ನಾಟಕದ ವೃತ್ತಿಶಿಕ್ಷಣ ಪ್ರವೇಶದ ಅರ್ಹತಾ ನಿಯಮಗಳಲ್ಲಿ ಹೊರನಾಡು, ಗಡಿನಾಡು ಕನ್ನಡಿಗರಿಗೆಂದು ಬೇರೆ ಕಲಮುಗಳಿವೆ. ಅಂಥ ಕಲಮನ್ನು ಓದುವಾಗ ಮಾತೃಭಾಷೆ, ವಾಸ, ಓದಿದ ವರ್ಷ ಇವುಗಳ ನಡುವೆ ಇರುವುದು ‘ಮತ್ತು’ವೋ ‘ಅಥವಾ’ವೋ ಎಂದು ಬೆರಳಿಟ್ಟು ನೋಡಿ. ‘ಅಥವಾ’ ಇದ್ದುದನ್ನು ‘ಮತ್ತು’ ಎಂದು ಓದಿಕೊಂಡವರು ಅರ್ಜಿಯನ್ನೇ ಹಾಕುವುದಿಲ್ಲ. ‘ಮತ್ತು’ ಇದ್ದುದನ್ನು ‘ಅಥವಾ’ ಎಂದು ಓದಿಕೊಂಡವರು ಕೊನೆಯ ದಿನ ಒಂದು ಪ್ರಮಾಣಪತ್ರ ಕಡಿಮೆಯಾಗಿ ವಾಪಸು ಬರುತ್ತಾರೆ. ಮಗುವಿನ ಒಂದು ವರ್ಷ ಆ ಒಂದು ಪದದಲ್ಲಿರುತ್ತದೆ.

ಮನೆಗೆಲಸ

ಜೀರಹಳ್ಳಿ, ತಾಳವಾಡಿ ವಲಯಗಳ ಹೊಲಗಳಿಗೆ ನುಗ್ಗುತ್ತಿದ್ದ ‘ಕರುಪ್ಪನ್’ ಎಂಬ ಕಾಡಾನೆಯನ್ನು ಅರಣ್ಯ ಇಲಾಖೆ ಹಲವು ಪ್ರಯತ್ನಗಳ ಮೇಲೆ 2023ರ ಏಪ್ರಿಲ್‌ನಲ್ಲಿ ಹಿಡಿಯಿತು. ಆನೆಯ ಕಾಟ ಅಷ್ಟಕ್ಕೇ ಮುಗಿಯುವಂಥದಲ್ಲ, ಆದ್ದರಿಂದ ಲೆಕ್ಕವೂ ಅದರದೇ:

ರಾತ್ರಿ ಹೊತ್ತು ಬೇಲಿಯ ತಂತಿ ಕಡಿದರೂ, ಸೆನ್ಸರ್ ಮುಂದೆ ದೊಡ್ಡ ಪ್ರಾಣಿ ಹಾದರೂ ಸೈರನ್ ಕೂಗಬೇಕು. ಮನೆಯವರು ಸ್ವಿಚ್ ಆರಿಸಿದ್ದರೆ ಕೂಗಬಾರದು.

ರಾತ್ರಿ, ತಂತಿ_ಕಡಿದಿದೆ, ಪ್ರಾಣಿ_ಬಂದಿದೆ, ಸ್ವಿಚ್_ಆರಿದೆ ಎಂಬ ನಾಲ್ಕು ಹೆಸರುಗಳನ್ನು ಇಟ್ಟುಕೊಂಡು ‘ಇಫ್’ ಸಾಲನ್ನು ಬರೆಯಿರಿ. ‘ಕಡಿದರೂ, ಹಾದರೂ’ ಎಂಬ ಎರಡು ‘ಊ’ಗಳು ಏನಾಗುತ್ತವೆ ಎಂದು ಯೋಚಿಸಿ. ಎಷ್ಟು ಬಗೆಯ ರಾತ್ರಿಗಳನ್ನು ಓಡಿಸಿ ನೋಡಬೇಕು ಎಂಬುದನ್ನೂ ಬರೆಯಿರಿ. ಮಕ್ಕಳು ತಮ್ಮ ಉತ್ತರವನ್ನು ತಂತಮ್ಮ ಊರಿನ ಪ್ರತಿನಿಧಿಗಳ ಕೈಗೆ ಕೊಡಲಿ. ಬಂದ ಉತ್ತರಗಳನ್ನು, ತಪ್ಪು ಉತ್ತರಗಳನ್ನೂ ಸೇರಿಸಿ, ಮುಂದಿನ ಸಂಚಿಕೆಯಲ್ಲಿ ಬಿಡಿಸಿ ಹೇಳುತ್ತೇವೆ. ಈ ಪಾಠದಲ್ಲಿ ತಪ್ಪು ಉತ್ತರದಿಂದಲೇ ಹೆಚ್ಚು ಕಲಿತವರು ನಾವು.